ಹೆದ್ದಾರಿಗೆ ಬೆನ್ನು ಹಾಕಿ, ಕುಕಡಿಯ ದಂಡೆ ಹಿಡಿದು

ಪುಣೆಯಿಂದ ನಾಸಿಕಕ್ಕೆ ಹೋಗುವ ಹೆದ್ದಾರಿಯಲ್ಲಿ ಒಮ್ಮೆ ಸೈಕಲ್ ಹೊಡೆದವರು ಸಾಮಾನ್ಯವಾಗಿ ಎರಡನೆಯ ಸಲ ಆ ಕಡೆ ತಲೆ ಹಾಕುವುದಿಲ್ಲ. ಚಾಕಣದ ಕಾರ್ಖಾನೆಗಳಿಗೆ ಹೋಗಿಬರುವ ಉದ್ದುದ್ದ ಟ್ರೇಲರ್‌ಗಳು, ಈರುಳ್ಳಿ ಲಾರಿಗಳು, ಶಿರಡಿಯ ಬಸ್ಸುಗಳು, ಇವುಗಳ ನಡುವೆ ಬಿಳಿ ಗೆರೆಯ ಆಚೆ ಉಳಿದ ಒಂದೂವರೆ ಅಡಿ ಜಾಗದಲ್ಲಿ ಜೀವ ಹಿಡಿದುಕೊಂಡು ಪೆಡಲ್ ತುಳಿಯುವುದನ್ನು ನಾನು ಎರಡು ವರ್ಷ ಸೈಕಲ್ ಸವಾರಿ ಎಂದೇ ತಿಳಿದಿದ್ದೆ. ಆ ಹೆದ್ದಾರಿ ಉತ್ತರಕ್ಕೆ ಹೋಗುತ್ತದೆ, ಆದರೆ ಅದು ದಾಟುವ ನದಿಗಳೆಲ್ಲ ಸಹ್ಯಾದ್ರಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುತ್ತವೆ ಎಂಬ ಸರಳ ಸಂಗತಿ ಹೊಳೆದ ಮೇಲೆ ನನ್ನ ಭಾನುವಾರಗಳು ಬದಲಾದವು.

ರಾಜಗುರುನಗರದಲ್ಲಿ ಭೀಮಾ, ಮಂಚರ್ ದಾಟಿದ ಮೇಲೆ ಘೋಡ, ನಾರಾಯಣಗಾಂವದಲ್ಲಿ ಮೀನಾ, ಅದಕ್ಕೂ ಮುಂದೆ ಕುಕಡಿ. ಲಾರಿಗಳಿಗೆ ಬೇಕಾದದ್ದು ಉತ್ತರ ಮತ್ತು ದಕ್ಷಿಣ; ನದಿಯ ಜೊತೆ ಜೊತೆಗೆ ಹೋಗುವ ರಸ್ತೆಗಳು ಪೂರ್ವ ಮತ್ತು ಪಶ್ಚಿಮದವು. ಹೀಗಾಗಿ ಹೆದ್ದಾರಿಯಿಂದ ಎಡಕ್ಕೋ ಬಲಕ್ಕೋ ತಿರುಗಿ ಎರಡು ಕಿಲೋಮೀಟರ್ ಹೋದರೆ ಸಾಕು, ಹಾಲಿನ ಕ್ಯಾನ್ ಕಟ್ಟಿದ ಮೋಟರ್ ಸೈಕಲ್ಲುಗಳೂ ಶಾಲೆಗೆ ಹೊರಟ ಮಕ್ಕಳೂ ಬಿಟ್ಟರೆ ರಸ್ತೆಯಲ್ಲಿ ಯಾರೂ ಇರುವುದಿಲ್ಲ. ಇನ್ನೊಂದು ಅನುಕೂಲವೆಂದರೆ, ಕಣಿವೆಯೊಳಗೇ ಇರುವ ತನಕ ಏರು ಬಹಳ ಕಡಿಮೆ. ಒಂದು ಕಣಿವೆಯಿಂದ ಪಕ್ಕದ ಕಣಿವೆಗೆ ದಾಟುವಾಗ ಮಾತ್ರ ನಡುವಿನ ದಿಣ್ಣೆ ಏರಬೇಕು, ತೊಡೆಗಳಿಗೆ ಕೆಲಸ ಸಿಗುವುದು ಅಲ್ಲಿಯೇ.

ಪುಣೆಯ ಗೆಳೆಯರು ಮುಳಶಿ, ಪವನಾ, ಪಾನಶೇತ ಎನ್ನುತ್ತಾರೆ. ಕಣಿವೆಗಳೇನೋ ಚೆಲುವಾದವು, ಆದರೆ ಶನಿವಾರ ಬೆಳಿಗ್ಗೆ ಎಂಟರ ನಂತರ ಅಲ್ಲಿ ಕಾರುಗಳದೇ ರಾಜ್ಯ. ನಾಸಿಕದ ಗಂಗಾಪುರ ಅಣೆಕಟ್ಟಿನ ಸುತ್ತ ಇರುವ ವೈನ್ ಸೀಮೆಯದೂ ಅದೇ ಕತೆ. ದ್ರಾಕ್ಷಾರಸ ಇರುವಲ್ಲಿಗೆ ಪ್ರವಾಸಿಗರು ಬರುತ್ತಾರೆ. ತಿನ್ನುವ ದ್ರಾಕ್ಷಿ ಬೆಳೆಯುವ ಕಡೆ ಅದನ್ನು ಬೆಳೆಯುವವರು ಮಾತ್ರ ಓಡಾಡುತ್ತಾರೆ. ನಾನು ನಾರಾಯಣಗಾಂವ ಮತ್ತು ಜುನ್ನರದ ಸೀಮೆಯನ್ನು ಆರಿಸಿಕೊಂಡದ್ದು ಈ ಕಾರಣಕ್ಕೆ. ಪುಣೆಯಿಂದ ಸುಮಾರು 75 ಕಿ.ಮೀ. ದೂರದ ನಾರಾಯಣಗಾಂವದವರೆಗೆ ಸೈಕಲ್ಲಿನ ಮುಂಗಾಲಿ ಬಿಚ್ಚಿ ಗೆಳೆಯರ ಕಾರಿನ ಹಿಂಬದಿಯಲ್ಲಿ ಮಲಗಿಸಿ ತರುತ್ತೇನೆ. ಇದನ್ನು ಸೋಲು ಎನ್ನುವ ಹಟವಾದಿಗಳು ನಮ್ಮ ಗುಂಪಿನಲ್ಲಿದ್ದಾರೆ. ಅವರು ಈಗಲೂ ಹೆದ್ದಾರಿಯಲ್ಲೇ ಇದ್ದಾರೆ.

ಸವಾರಿಗೆ ನನ್ನ ಮೆಚ್ಚಿನ ಕಾಲ ಡಿಸೆಂಬರ್ ಕೊನೆಯಿಂದ ಫೆಬ್ರವರಿ. ಅಕ್ಟೋಬರ್ ಚಾಟ್ನಿಯಾದ, ಅಂದರೆ ಕಡ್ಡಿ ಸವರಿದ, ಬಳ್ಳಿಗಳಲ್ಲಿ ಆಗ ಗೊಂಚಲುಗಳು ತುಂಬುತ್ತಿರುತ್ತವೆ. ಎಳೆ ಬಿಸಿಲಿಗೆ ಕಾಯಿಯ ಬಣ್ಣ ಕೆಡಬಾರದೆಂದು ಕೆಲವು ತೋಟಗಳಲ್ಲಿ ಒಂದೊಂದು ಗೊಂಚಲಿಗೂ ಹಳೆಯ ಪತ್ರಿಕೆಯ ಹಾಳೆ ಸುತ್ತಿರುತ್ತಾರೆ. ಚಪ್ಪರದ ಕೆಳಗೆ ನೋಡಿದರೆ ಸಾವಿರಾರು ಮರಾಠಿ ಸುದ್ದಿಗಳು ತಲೆಕೆಳಗಾಗಿ ನೇತಾಡುತ್ತಿರುವಂತೆ ಕಾಣುತ್ತದೆ. ವಿಜಯಪುರ ಜಿಲ್ಲೆಯಲ್ಲಿ ಹುಟ್ಟಿದ ನನಗೆ ದ್ರಾಕ್ಷಿ ಹೊಸದಲ್ಲ. ತಿಕೋಟಾದ ನಮ್ಮ ಕಾಕಾ ಆರು ಎಕರೆ ಬೆಳೆಯುತ್ತಾರೆ. ಆದರೆ ನಮ್ಮ ಕಡೆಯ ಒಣ ಹವೆಯಲ್ಲಿ ಫಲದ ದೊಡ್ಡ ಪಾಲು ಶೆಡ್ಡಿನ ಬಲೆಗಳ ಮೇಲೆ ಒಣಗಿ ಮನೂಕವಾಗುತ್ತದೆ. ಇಲ್ಲಿ ಹಸಿ ಹಣ್ಣೇ ಪೆಟ್ಟಿಗೆ ಸೇರಿ ಪೇಟೆಗೆ ಹೊರಡುತ್ತದೆ. ಜುನ್ನರದ ಕಪ್ಪು ಜಂಬೋ ದ್ರಾಕ್ಷಿಯ ಚಿತ್ರ ಕಳಿಸಿದಾಗ ಕಾಕಾ ಕೂಡಲೇ ಫೋನ್ ಮಾಡಿ, "ಹಣ್ಣು ಛಲೋ ಅದ ಬಿಡು. ನೀರು ಎಲ್ಲಿಂದ ತರ್ತಾರ ಅವ್ರು, ಅದನ್ನ ಕೇಳು ಮೊದಲ," ಎಂದರು.

ನೀರಿನ ಉತ್ತರ ರಸ್ತೆಯ ಬದಿಯಲ್ಲೇ ಇತ್ತು. ಕುಕಡಿ ಯೋಜನೆಯಲ್ಲಿ ಐದು ಅಣೆಕಟ್ಟುಗಳಿವೆ: ಕುಕಡಿಯ ಮೇಲೆ ಮಾಣಿಕಡೋಹ ಮತ್ತು ಯೇಡಗಾಂವ, ಮೀನಾದ ಮೇಲೆ ವಡಜ, ಘೋಡದ ಮೇಲೆ ಡಿಂಭೆ, ಆರ್ ನದಿಯ ಮೇಲೆ ಪಿಂಪಳಗಾಂವ ಜೋಗೆ. ಯೇಡಗಾಂವದಿಂದ ಹೊರಡುವ ಎಡದಂಡೆ ಕಾಲುವೆ ಅಹಿಲ್ಯಾನಗರ ಜಿಲ್ಲೆಯನ್ನು ಹಾದು ಸೋಲಾಪುರ ಜಿಲ್ಲೆಯ ಕರಮಾಳೆಯ ಕಡೆಗೆ ಹೋಗುತ್ತದೆ. ಕಾಲುವೆಯ ಏರಿಯ ಮೇಲಿನ ಮಣ್ಣಿನ ದಾರಿ ನೋಡುವುದಕ್ಕೆ ಸೈಕಲ್ಲಿಗಾಗಿಯೇ ಮಾಡಿದಂತಿರುತ್ತದೆ. ಆ ಮೋಹಕ್ಕೆ ಬಿದ್ದು ನಾನು ಒಂದೇ ಬೆಳಿಗ್ಗೆ ಮೂರು ಪಂಕ್ಚರ್ ಅನುಭವಿಸಿದೆ. ಜಾಲಿಯ ಮುಳ್ಳಿಗೆ 28 ಮಿ.ಮೀ. ಟೈರು ಹಪ್ಪಳಕ್ಕೆ ಸಮಾನ. ಮೂರನೆಯದಕ್ಕೆ ನನ್ನ ಬಳಿ ಟ್ಯೂಬ್ ಉಳಿದಿರಲಿಲ್ಲ. ತೋಟದ ಪಂಪಿನ ಬಳಿಯ ತೊಟ್ಟಿಯಲ್ಲಿ ಟ್ಯೂಬ್ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದಾಗ ರೈತರೊಬ್ಬರು ಟ್ರ್ಯಾಕ್ಟರಿನ ಪೆಟ್ಟಿಗೆಯಿಂದ ಪ್ಯಾಚು, ಸಲ್ಯೂಷನ್ ತಂದುಕೊಟ್ಟು, ದಾರಿ ಇದೆಯೆಂದ ಮಾತ್ರಕ್ಕೆ ಹೋಗಬಾರದು ಎಂದು ಮರಾಠಿಯಲ್ಲಿ ಮೃದುವಾಗಿ ಬೈದರು. ಅಂದಿನಿಂದ ಡಾಂಬರು ಬಿಡುವುದಿಲ್ಲ.

ನನ್ನ ಖಾಯಂ ಮಾರ್ಗ ಹೀಗಿದೆ. ನಾರಾಯಣಗಾಂವದಿಂದ ಯೇಡಗಾಂವ ಜಲಾಶಯದ ಕಡೆಗೆ ಹೊರಟು ಓಝರ್ ತಲುಪುತ್ತೇನೆ. ಅಷ್ಟವಿನಾಯಕರಲ್ಲಿ ಒಬ್ಬನಾದ ವಿಘ್ನೇಶ್ವರ ಇಲ್ಲಿ ಕುಕಡಿಯ ದಂಡೆಯಲ್ಲೇ ಕುಳಿತಿದ್ದಾನೆ. ಇನ್ನೊಬ್ಬ ಗಣಪತಿ ಜುನ್ನರದಾಚೆ ಲೇಣ್ಯಾದ್ರಿಯ ಬೌದ್ಧ ಗುಹೆಗಳ ಸಾಲಿನಲ್ಲಿದ್ದಾನೆ. ಇಬ್ಬರಿಗೂ ಕೈಮುಗಿದೇ ಹೇಳುತ್ತೇನೆ, ಸಂಕಷ್ಟಿಯ ದಿನ ಈ ದಾರಿಗೆ ಬರಬೇಡಿ. ಆ ಒಂದು ದಿನ ಪುಣೆಯ ಕಾರುಗಳೆಲ್ಲ ಇಲ್ಲಿರುತ್ತವೆ. ಓಝರಿನಿಂದ ಜುನ್ನರದವರೆಗೆ ದ್ರಾಕ್ಷಿ, ಟೊಮೆಟೊ, ಕಬ್ಬು. ಜುನ್ನರದಲ್ಲಿ ಶಿವನೇರಿ ಕೋಟೆಯ ಬುಡದ ಅಂಗಡಿಯಲ್ಲಿ ಮಿಸಳ್ ತಿಂದು ಪಶ್ಚಿಮಕ್ಕೆ ತಿರುಗಿದರೆ, ಶಿವಾಜಿ 1630ರಲ್ಲಿ ಹುಟ್ಟಿದ ಆ ಬಂಡೆ ಬಹಳ ದೂರದವರೆಗೆ ಬೆನ್ನ ಹಿಂದೆಯೇ ಇರುತ್ತದೆ.

ಮುಂದಿನ ಮೂವತ್ತಕ್ಕೂ ಸ್ವಲ್ಪ ಹೆಚ್ಚು ಕಿಲೋಮೀಟರ್‌ಗಳನ್ನು ನಾನು ಮಹಾರಾಷ್ಟ್ರದ ಯಾವ ರಸ್ತೆಗೂ ಬದಲಾಯಿಸಿಕೊಳ್ಳುವುದಿಲ್ಲ. ಮಾಣಿಕಡೋಹದ ಹಿನ್ನೀರಿನ ಪಕ್ಕದಲ್ಲಿ, ಆಪಟಾಳೆ ದಾಟಿ, ಚಾವಂಡ ಕೋಟೆಯ ಕೆಳಗಿನಿಂದ ಸಾಗುವ ಈ ದಾರಿಯಲ್ಲಿ ದ್ರಾಕ್ಷಿಯ ಚಪ್ಪರಗಳು ಹಿಂದೆ ಸರಿದು ಭತ್ತದ ಕೂಳೆಗಳು ಶುರುವಾಗುತ್ತವೆ. ಅದೇ ನದಿ, ಅದೇ ತಾಲ್ಲೂಕು, ಬೆಳೆ ಬೇರೆ. ಅರಬ್ಬೀ ಸಮುದ್ರದ ಮೋಡಗಳು ಘಟ್ಟದ ಅಂಚಿನಲ್ಲೇ ತಮ್ಮ ಭಾರವನ್ನೆಲ್ಲ ಸುರಿದುಬಿಡುವುದರಿಂದ ಪಶ್ಚಿಮದ ಹಳ್ಳಿಗಳಲ್ಲಿ ಭತ್ತ ಬೆಳೆಯುತ್ತದೆ. ಪೂರ್ವಕ್ಕೆ ಸರಿದಂತೆ ಮಳೆ ಇಳಿಮುಖವಾಗಿ, ಎಲೆ ಒದ್ದೆಯಾದರೆ ರೋಗಕ್ಕೆ ತುತ್ತಾಗುವ ದ್ರಾಕ್ಷಿಗೆ ಬೇಕಾದ ಒಣ ಹವೆ ಸಿಗುತ್ತದೆ. ಘಟ್ಟದ ಮಳೆಯನ್ನು ಅಣೆಕಟ್ಟಿನಲ್ಲಿ ಹಿಡಿದು ಒಣ ಹವೆಯ ಕಡೆಗೆ ಹರಿಸುವುದರಲ್ಲೇ ಇಡೀ ಸೀಮೆಯ ಬದುಕು ನಿಂತಿದೆ. ಕಾರಿನಲ್ಲಿ ಮುಕ್ಕಾಲು ಗಂಟೆಯಲ್ಲಿ ಕಳೆದುಹೋಗುವ ಈ ಬದಲಾವಣೆ ಸೈಕಲ್ಲಿನ ಮೇಲೆ ಹಳ್ಳಿ ಹಳ್ಳಿಗೂ ಕಣ್ಣಿಗೆ ಬೀಳುತ್ತದೆ. ಪೂರ್ ಎಂಬ ಹಳ್ಳಿಯ ಕುಕಡೇಶ್ವರ ಗುಡಿಯ ಬಳಿ, ಕುಕಡಿ ಹುಟ್ಟುವ ಜಾಗದಲ್ಲಿ, ನಾನು ಬಾಟಲಿ ತುಂಬಿಕೊಳ್ಳುತ್ತೇನೆ. ಈ ನೀರು ಘೋಡವನ್ನು, ಘೋಡ ಭೀಮೆಯನ್ನು ಸೇರಿ, ಉಜನಿ ಜಲಾಶಯದಲ್ಲಿ ನಿಂತು, ಉಳಿದದ್ದು ನಮ್ಮ ಇಂಡಿ ತಾಲ್ಲೂಕಿನ ಅಂಚಿಗೆ ಬರುತ್ತದೆ. ಬೇಸಿಗೆಯಲ್ಲಿ ಆ ಉಳಿದದ್ದು ಎಷ್ಟೆಂಬುದು ಅಲ್ಲಿನವರಿಗೆ ಗೊತ್ತು.

ಕೊನೆಯಲ್ಲಿ ಘಾಟಘರ ದಾಟಿದರೆ ನಾಣೇಘಾಟ. ಕೊಂಕಣದ ಬಂದರುಗಳಿಂದ ಜುನ್ನರಕ್ಕೆ ಸರಕು ಏರಿ ಬರುತ್ತಿದ್ದ ಶಾತವಾಹನರ ಕಾಲದ ದಾರಿ ಇದು. ಬಂಡೆಯ ಗುಹೆಯಲ್ಲಿ ರಾಣಿ ನಾಗನಿಕಾಳ ಬ್ರಾಹ್ಮೀ ಶಾಸನವಿದೆ, ಹೊರಗೆ ಸುಂಕದ ನಾಣ್ಯ ಹಾಕುತ್ತಿದ್ದರೆಂದು ಜನ ನಂಬುವ ದೊಡ್ಡ ಕಲ್ಲಿನ ಹಂಡೆಯಿದೆ. ಎರಡು ಸಾವಿರ ವರ್ಷಗಳ ಹಿಂದೆ ಈ ಕಣಿವೆಯೇ ಹೆದ್ದಾರಿಯಾಗಿತ್ತು ಎಂದು ನೆನೆದು ಅಲ್ಲಿ ಕುಳಿತು ಬಾಳೆಹಣ್ಣು ತಿನ್ನುವುದು ನನಗೆ ಒಂದು ಸುಖ.

ಎಚ್ಚರಿಕೆಗಳೂ ಇವೆ. ಜುನ್ನರದ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ವಾಸಿಸುತ್ತವೆ, ಮಾಣಿಕಡೋಹದಲ್ಲಿ ಅವುಗಳಿಗಾಗಿಯೇ ರಕ್ಷಣಾ ಕೇಂದ್ರವಿದೆ. ಹಾಗಾಗಿ ಬೆಳಕು ಹರಿಯುವ ಮೊದಲು ಹೊರಡುವ ಶೂರತನ ಬೇಡ. ಕಬ್ಬು ಕಟಾವಿನ ತಿಂಗಳುಗಳಲ್ಲಿ ಎರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರ್ ಎದುರಾದರೆ ರಸ್ತೆ ಬಿಟ್ಟು ಇಳಿದು ನಿಲ್ಲಿ. ಅದರ ಚಾಲಕನಿಗೆ ಹಿಂದಿನದು ಕಾಣುವುದೇ ಇಲ್ಲ. ತೋಟದಲ್ಲಿ ಔಷಧಿಯ ಬ್ಲೋವರ್ ಓಡುತ್ತಿದ್ದರೆ ಗಾಳಿ ಯಾವ ಕಡೆಗಿದೆ ಎಂದು ನೋಡಿಕೊಂಡು ದಾಟಿ.

ಸಮಯ ಉಳಿದರೆ ಪೂರ್ವಕ್ಕೆ ಖೋಡದದವರೆಗೂ ಹೋಗಬಹುದು. ಅಲ್ಲಿ ತಲಾ 45 ಮೀಟರ್ ಅಗಲದ 30 ರೇಡಿಯೋ ದೂರದರ್ಶಕ ತಟ್ಟೆಗಳಿವೆ. ಹದಿನಾಲ್ಕು ಒಂದೆಡೆ ಗುಂಪಾಗಿದ್ದರೆ, ಉಳಿದ ಹದಿನಾರು ವೈ ಆಕಾರದಲ್ಲಿ ಮೂರು ದಿಕ್ಕಿಗೆ ಚದುರಿರುವುದರಿಂದ ಹೊಲಗಳ ನಡುವೆ ಇದ್ದಕ್ಕಿದ್ದಂತೆ ಒಂದೊಂದು ಬಿಳಿ ಜಾಲರಿಯ ತಟ್ಟೆ ಆಕಾಶ ನೋಡುತ್ತ ನಿಂತಿರುತ್ತದೆ.

ಕಳೆದ ಫೆಬ್ರವರಿಯಲ್ಲಿ ಮರಳುವಾಗ ತೋಟವೊಂದರ ಬಾಗಿಲಲ್ಲಿ ಎರಡು ಕಿಲೋ ಜಂಬೋ ಕೊಂಡೆ. ಸೈಕಲ್ಲಿಗೆ ಬುಟ್ಟಿಯಿಲ್ಲ. ಚೀಲವನ್ನು ಹ್ಯಾಂಡಲಿಗೆ ನೇತುಹಾಕಿದ್ದರಿಂದ ನಾರಾಯಣಗಾಂವ ಬರುವಷ್ಟರಲ್ಲಿ ಅರ್ಧ ಹಣ್ಣು ಮುಂಗಾಲಿಗೆ ಉಜ್ಜಿ ರಸವಾಗಿತ್ತು. ಉಳಿದರ್ಧವನ್ನು ಕಾರಿನಲ್ಲಿ ಗೆಳೆಯರೂ ನಾನೂ ಚಾಕಣದ ಟ್ರಾಫಿಕ್ಕಿನಲ್ಲಿ ನಿಂತಾಗ ತಿಂದು ಮುಗಿಸಿದೆವು.