ಮೇಷ್ಟ್ರು ಬಿಟ್ಟುಹೋದ ಕಾಫಿ

21 ಏಪ್ರಿಲ್ 2024, ಭಾನುವಾರ
ಗುಬ್ಬಿ

ಸಂಜೆ ಪ್ರಚಾರದ ಆಟೊ ನಮ್ಮ ಬೀದಿಗೂ ಬಂತು. ಮೈಕಿನಲ್ಲಿ "ಉಳುವವನೇ ಹೊಲದೊಡೆಯ!" ಅಂದದ್ದೇ ತಡ, ಜಗಲಿ ಮೇಲಿದ್ದ ತಾತ ಎರಡೂ ಕೈ ಎತ್ತಿ ಮುಗಿದ. ಪಕ್ಕದಲ್ಲಿದ್ದ ಮೇಷ್ಟ್ರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಕಾಫಿ ಅರ್ಧ ಲೋಟ ಹಾಗೇ ಇತ್ತು.

ತಾತನ ಕಥೆ ನನಗೆ ಬಾಯಿಪಾಠ. 1974ರಲ್ಲಿ ಭೂಸುಧಾರಣೆ ಕಾನೂನಿಗೆ ದೇವರಾಜ ಅರಸರ ತಿದ್ದುಪಡಿ ಬಂತು, ಗೇಣಿ ಹೊಲ ಉಳುವವನಿಗೇ ಎಂದಾಯಿತು. ತಾತ ಹೊಲ ಕೇಳಿ ಡಿಕ್ಲರೇಷನ್ ಹಾಕಿದ, ಭೂ ಟ್ರಿಬ್ಯೂನಲ್ ಮುಂದೆ ನಿಂತ, ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಟ್ಟು, ಮಾಡುತ್ತಿದ್ದ ಹೊಲದ ಪಹಣಿಯಲ್ಲಿ ಅವನ ಹೆಸರು ಕೂತಿತು. 1977ರಲ್ಲಿ ಉತ್ತರದಲ್ಲಿ ಇಂದಿರಾ ಗಾಂಧಿಯೇ ಸೋತಾಗ ಇಲ್ಲಿ ಕಾಂಗ್ರೆಸ್ಸಿಗೆ ಲೋಕಸಭೆಯ 28ರಲ್ಲಿ 26 ಸೀಟು. "ಎಮರ್ಜೆನ್ಸಿ ನಮ್ಗೇನ್ ಗೊತ್ತು, ಹೊಲ ಕಣ್ಮುಂದಿತ್ತು" ಅನ್ನುತ್ತಾನೆ.

ಮೇಷ್ಟ್ರ ಕಥೆ ಕೇಳಿರಲೇ ಇಲ್ಲ. ಕತ್ತಲಾದ ಮೇಲೆ ಅವರ ಮನೆಗೆ ಹೋದೆ.

"ನಮ್ಮಮ್ಮಂಗೆ ಮೂರೆಕರೆ ಇತ್ತಮ್ಮ. ಅಪ್ಪ ಹೋದಾಗ ನಂಗೆ ಒಂಬತ್ತು. ಅವಳೇನ್ ನೇಗಿಲು ಹಿಡೀತಾಳಾ? ವಾರಕ್ಕೆ ಕೊಟ್ಟಿದ್ಲು. ಸುಗ್ಗೀಲಿ ಬರೋ ರಾಗೀಲೇ ನಮ್ ವರ್ಷ ಕಳೀತಿತ್ತು. ಕಾನೂನಲ್ಲಿ ಸೈನಿಕರಿಗೆ ವಿನಾಯ್ತಿ ಇತ್ತು, ವಿಧವೆಗೆ ಇರ್ಲಿಲ್ಲ. ಹೊಲ ಉಳೋನಿಗೆ ಹೋಯ್ತು." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಉಳ್ತಿದ್ದೋನ್ದು ತಪ್ಪಲ್ಲ. ಅವ್ನ ಮಕ್ಕಳು ನನ್ ಹತ್ರಾನೇ ಓದಿದ್ರು. ಆದ್ರೂ ಆ ಮಾತು ಕಿವಿಗೆ ಬಿದ್ರೆ ಅಮ್ಮ ರಾಗಿ ತುಂಬಿಡೋ ಖಾಲಿ ವಾಡೆಗೆ ಕೈ ಹಾಕ್ತಿದ್ದಿದ್ದೇ ಕಾಣ್ಸುತ್ತೆ."

ಶುಕ್ರವಾರ ಯಾರಿಗೆ ವೋಟು ಎಂದು ಕೇಳಲು ಬಾಯಿ ಬರಲಿಲ್ಲ.

ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಅಭ್ಯರ್ಥಿ ಯಾರು, ಏನು ಮಾಡಿದ್ದಾನೆ ಎಂದು ಇಬ್ಬರೂ ವಿಚಾರಿಸಲಿಲ್ಲ. ಎರಡು ಪದಕ್ಕೆ ಒಬ್ಬರಿಗೆ ಪಹಣಿ ನೆನಪಾಯಿತು, ಇನ್ನೊಬ್ಬರಿಗೆ ವಾಡೆ. ತಾತನ ಋಣ ಅರಸರಿಗೆ. ಅದನ್ನು ಆಟೊದವರು ಯಾಕೆ ವಸೂಲಿ ಮಾಡಬೇಕು? ನನಗೆ ಸಿಟ್ಟು ಬಂದದ್ದು ಅಲ್ಲಿ. 2020ರಲ್ಲಿ ಅದೇ ಭೂಸುಧಾರಣೆ ಕಾನೂನಿನ 79ಎ, 79ಬಿ ಕಲಂ ತೆಗೆದುಹಾಕಿ, ಉಳದವರೂ ಹೊಲ ಕೊಳ್ಳಬಹುದು ಎಂದಾಯಿತಲ್ಲ, ಅದರ ಬಗ್ಗೆ ಮೈಕಿನಲ್ಲಿ ಒಂದು ಮಾತಿಲ್ಲ. ಆ ಘೋಷಣೆ ಕೂಗುವವರು ಮೊದಲು ಅದನ್ನು ಹೇಳಬೇಕಿತ್ತು.

ಈಗ ಗಂಟೆ ಹತ್ತು. ಸೆಕೆ, ಕರೆಂಟೂ ಇಲ್ಲ. ತಾತ ಕತ್ತಲಲ್ಲೇ ಕೇಳಿದ: "ಮೇಷ್ಟ್ರು ಯಾಕವ್ವ ಕಾಫಿ ಬಿಟ್ಟೋದ್ರು? ಸಕ್ಕರೆ ಜಾಸ್ತಿ ಆಗಿತ್ತಾ?"

ಇಷ್ಟು ವರ್ಷ ಒಂದೇ ಜಗಲಿ ಮೇಲೆ ಕೂತವರು. ಹೇಳಿದರೆ ನಾಳೆಯಿಂದ ತಾತ ಅವರ ಮುಖ ನೋಡಲು ಹಿಂಜರಿಯುತ್ತಾನೆ. ಹೇಳದಿದ್ದರೆ ಆ ಆಟೊ ನಾಳೆಯೂ ಬರುತ್ತದೆ, ಮೇಷ್ಟ್ರು ಮತ್ತೆ…