ರೇಟು ಆಮೇಲೆ ಕಟ್ಟೋದು

2023ರ ಮಾರ್ಚ್ 13, ಸೋಮವಾರ ಸಂಜೆ. ಆಲ್ದೂರಿನ ನಮ್ಮ ಮನೆಯಲ್ಲಿ ಕರೆಂಟಿಲ್ಲ, ಅಟ್ಟದ ಮೇಲೆ ನನ್ನ ಲ್ಯಾಪ್‌ಟಾಪ್ ಯುಪಿಎಸ್ ನಂಬ್ಕೊಂಡು ಕೂತಿದೆ. ಕೆಳಗೆ ಜಗಲಿಯಲ್ಲಿ ಅಪ್ಪ ಹೂಮಳೆಗೆ ಕಾಯ್ತಾ ಆಕಾಶ ನೋಡ್ತಿದ್ದರು. ನಾನು ನೋಡ್ತಿದ್ದದ್ದು ಅಮೆರಿಕದ ಬಡ್ಡಿದರ. ಶುಕ್ರವಾರ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಚ್ಚಿತ್ತು. ಈ ಸೋಮವಾರ 2 ವರ್ಷದ ಟ್ರೆಷರಿ ಯೀಲ್ಡು (ಅಮೆರಿಕ ಸರ್ಕಾರದ ಸಾಲಪತ್ರದ ಬಡ್ಡಿದರ) ಅರ್ಧ ಪರ್ಸೆಂಟಿಗಿಂತ ಜಾಸ್ತಿ ಬಿತ್ತು. 1987ರಿಂದೀಚೆ ಒಂದೇ ದಿನಕ್ಕೆ ಅಷ್ಟು ಬಿದ್ದದ್ದಿಲ್ಲ.

ನನ್ನ ಹತ್ತಿರ ಇದ್ದದ್ದು ಸ್ವಾಪ್ಷನ್ ಕ್ಯಾಲೆಂಡರ್. ಸ್ವಾಪ್ ಅಂದರೆ ಸ್ಥಿರ ಬಡ್ಡಿಗೂ ಬದಲಾಗೋ ಬಡ್ಡಿಗೂ ಅದಲುಬದಲಿನ ಒಪ್ಪಂದ; ಇವತ್ತೇ ಕಟ್ಟಿದ ದರಕ್ಕೆ (ಅದೇ ಸ್ಟ್ರೈಕು) ಮುಂದೆ ಅದಕ್ಕಿಳಿಯೋ ಹಕ್ಕು ಸ್ವಾಪ್ಷನ್; ಒಂದು ಅವಧಿಯದ್ದು ಕೊಂಡು ಇನ್ನೊಂದು ಅವಧಿಯದ್ದು ಮಾರೋದು ಕ್ಯಾಲೆಂಡರ್. 2 ವರ್ಷದ ಸ್ಟ್ರ್ಯಾಡಲ್ (ದರ ಏರಿದರೂ ಇಳಿದರೂ ದುಡ್ಡು ಬರೋ ಜೋಡಿ ಆಪ್ಷನ್) ಕೊಂಡು, ಅದೇ ಸ್ವಾಪ್ ಮೇಲೆ 1 ವರ್ಷದ ಮಿಡ್‌ಕರ್ವ್ (ಹಕ್ಕು ಮುಗಿದ ಮೇಲೆ ತಡವಾಗಿ ಸ್ವಾಪ್ ಶುರುವಾಗೋ) ಸ್ಟ್ರ್ಯಾಡಲ್ ಮಾರಿದ್ದೆ. ಎರಡನೇ ವರ್ಷದ ವಾಲ್ (ವೊಲಾಟಿಲಿಟಿ, ದರ ಎಷ್ಟು ಏರಿಳಿಯುತ್ತೆ ಅನ್ನೋ ಅಂದಾಜು) ಮಾತ್ರ ಬೇಕಿತ್ತು. ದುಂಡು ಅಂಕಿಯಲ್ಲಿ ಹೇಳ್ತೀನಿ: 1 ವರ್ಷದ್ದರ ವಾರ್ಷಿಕ ವಾಲ್ 120 ಬೇಸಿಸ್ ಪಾಯಿಂಟ್ (ಪರ್ಸೆಂಟಿನ ನೂರರಲ್ಲೊಂದು ಪಾಲು), 2 ವರ್ಷದ್ದರದ್ದು 110. ವಾಲನ್ನ ನೇರ ಕಳೆಯೋ ಹಾಗಿಲ್ಲ, ವರ್ಗ ಮಾಡಿ ಕಳೀಬೇಕು. 110ರ ವರ್ಗದ ಎರಡರಷ್ಟು 24,200, 120ರ ವರ್ಗ 14,400 ತೆಗೆದರೆ 9,800, ವರ್ಗಮೂಲ 99. ಅಗ್ಗಕ್ಕೆ ಸಿಕ್ತು ಅಂತ ಖುಷಿಯಾಗಿದ್ದೆ.

ಲೆಕ್ಕ ಸರಿಯಾಗೇ ಇತ್ತು. ಕೈ ಕೊಟ್ಟದ್ದು ಸ್ಟ್ರೈಕು. ದರ ಕೆಳಗೆ ಜಾರಿತು, ನನ್ನ ಸ್ಟ್ರೈಕು ಮೇಲೇ ಉಳೀತು, ವೇಗಾ (ವಾಲ್ ಏರಿಳಿದರೆ ಆಗೋ ಲಾಭನಷ್ಟ) ಕರಗ್ತಾ ಬಂತು. ಮಾರಿದ್ದು ಚಿಕ್ಕ ಅವಧಿಯದ್ದು, ಗಾಮಾ (ದರ ಸರಿದಾಗ ಹೆಡ್ಜ್ ಎಷ್ಟು ಬೇಗ ಬದಲಿಸಬೇಕು ಅನ್ನೋದು) ಅದರದ್ದೇ ಜಾಸ್ತಿ; ಹೆಡ್ಜ್, ಅಂದರೆ ದರದ ಅಪಾಯ ಸರಿದೂಗಿಸೋ ವ್ಯವಹಾರ, ಮಾಡಿದಷ್ಟೂ ದುಡ್ಡು ಹೋಯ್ತು.

ಮಾರನೇ ದಿನ ಅಪ್ಪ ಕಾಫಿ ವ್ಯಾಪಾರಿಗೆ ಫೋನಲ್ಲಿ ಹೇಳ್ತಿದ್ದರು: 'ಮೂಟೆ ಕಳಿಸಿದ್ದೀನಿ ಮಾರಾಯ, ರೇಟು ಆಮೇಲೆ ಕಟ್ತೀನಿ.' ನಾನೋ, ಮೊದಲೇ ರೇಟು ಕಟ್ಟಿ ಕೂತವನು! ಫಾರ್ವರ್ಡ್ ವೊಲಾಟಿಲಿಟಿ ಅಗ್ರಿಮೆಂಟಲ್ಲಿ ವಾಲ್ ಇವತ್ತು ಕಟ್ತಾರೆ, ಸ್ಟ್ರೈಕನ್ನ ಒಂದು ವರ್ಷ ಬಿಟ್ಟು, ಆ ದಿನದ ದರ ನೋಡಿ. ಅಲ್ಲೀತನಕ ಗಾಮಾ ಕಾಟ ಇಲ್ಲ. ಗೊತ್ತಿಲ್ಲದ ವಿಷಯ ಏನಲ್ಲ; ದುಬಾರಿ ಅಂತ ಬಿಟ್ಟಿದ್ದೆ.

ಅಪ್ಪನಿಗೆ ವಿವರಿಸಿದೆ. ಅವರು ಕೇಳಿದ್ದು ಒಂದೇ: 'ಎಷ್ಟು ಮುರ್ಕೋತಾರೆ?'

ಜಾಸ್ತೀನೇ. ಡೀಲರು ಅದನ್ನ ಬೇರೆ ಬೇರೆ ಸ್ಟ್ರೈಕಿನ ಆಪ್ಷನ್ ಇಟ್ಕೊಂಡು ಕಾಯಬೇಕು, ಸ್ಮೈಲ್ (ಸ್ಟ್ರೈಕಿನಿಂದ ಸ್ಟ್ರೈಕಿಗೆ ವಾಲ್ ಬೇರೆ ಇರೋ ರೀತಿ) ಬದಲಾದರೆ ಅವನ ಲೆಕ್ಕವೂ ಕೆಡುತ್ತೆ. ಅದನ್ನೆಲ್ಲ ನಮ್ಮ ತಲೆಗೇ ಕಟ್ತಾನೆ. ಆರು ತಿಂಗಳೊಳಗಿನದ್ದಾದರೆ ಈಗಲೂ ಕ್ಯಾಲೆಂಡರೇ ಹಾಕ್ತೀನಿ, ದರ ಸರಿದ ಹಾಗೆ ಸ್ಟ್ರೈಕೂ ಸರಿಸ್ತಾ. ಅದಕ್ಕಿಂತ ದೂರದ್ದಾದರೆ ಮುರ್ಕೊಂಡಷ್ಟು ಮುರ್ಕೊಳ್ಳಲಿ ಅಂತ ಅಗ್ರಿಮೆಂಟಿಗೇ ಹೋಗ್ತೀನಿ.