ಇಟಾಸ್ಕಾ ಪಾರ್ಕ್: ಕಲ್ಲು ದಾಟಿ, ಫೋಟೋ ತೆಗೆದು ವಾಪಸ್ ಬರಬೇಡಿ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಮಿನಿಯಾಪೊಲಿಸ್ ಸುತ್ತಮುತ್ತ ಇರುವವರಿಗೆ ಇಟಾಸ್ಕಾ ಸ್ಟೇಟ್ ಪಾರ್ಕ್ ಸುಮಾರು ನಾಲ್ಕು ಗಂಟೆ ದಾರಿ. ಬೆಳಿಗ್ಗೆ ಹೋಗಿ ರಾತ್ರಿ ಬರುತ್ತೇವೆ ಅನ್ನುವವರೇ ಜಾಸ್ತಿ. ನನ್ನ ಮಾತು ಕೇಳಿ, ಒಂದು ರಾತ್ರಿಯಾದರೂ ಉಳಿಯಿರಿ.

ಎಲ್ಲರೂ ಹೋಗುವುದು ಮಿಸ್ಸಿಸ್ಸಿಪ್ಪಿ ನದಿ ಹುಟ್ಟುವ ಜಾಗ ನೋಡಲು. ಊರಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ತಲಕಾವೇರಿ ನೆನೆಸಿಕೊಳ್ಳುವುದು ಗ್ಯಾರಂಟಿ. ಇಲ್ಲಿ ಗುಡಿಯಿಲ್ಲ, ಕುಂಡಿಕೆಯಿಲ್ಲ. ಇಟಾಸ್ಕಾ ಕೆರೆಯ ನೀರು ಒಂದು ಸಾಲು ಕಲ್ಲುಗಳ ಸಂದಿಯಿಂದ ಹೊರಗೆ ಹರಿಯುತ್ತದೆ, ಅದೇ ನದಿ. ದಕ್ಷಿಣದ ಸಮುದ್ರ ಸೇರುವ ನದಿ ಮೊದಲು ಹೊರಡುವುದು ಉತ್ತರಕ್ಕೆ! ಅಂದ ಹಾಗೆ, ಈ ಕಲ್ಲುಗಳನ್ನು ಜೋಡಿಸಿದ್ದು 1930ರ ದಶಕದಲ್ಲಿ.

ಕಲ್ಲುಗಳ ಮೇಲೆ ಪಾಚಿ ಇರುತ್ತದೆ, ಸಿಕ್ಕಾಪಟ್ಟೆ ಜಾರುತ್ತದೆ. ವಯಸ್ಸಾದವರಿಗೆ ಕಲ್ಲು ದಾಟಿಸುವ ಉಸಾಬರಿ ಬೇಡ. ಸ್ವಲ್ಪ ಕೆಳಗೆ ನೀರು ಕಡಿಮೆ ಇರುವ ಕಡೆ ಕೈ ಹಿಡಿದು ನಡೆಸಿ. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಳ್ಳಿ, ಹವಾಯಿ ಚಪ್ಪಲಿ ನೀರಿನ ಪಾಲು. ಬೇಸಿಗೆಯ ಶನಿವಾರ ಮಧ್ಯಾಹ್ನ ಇಲ್ಲಿ ಜಾತ್ರೆ. ಬೆಳಿಗ್ಗೆ ಬೇಗ ಹೋದರೆ ಲೂನ್ ಹಕ್ಕಿ ಕೂಗುವುದಾದರೂ ಕೇಳಿಸೀತು.

ಆಮೇಲಿನದೇ ನಿಜವಾದ ಪಾರ್ಕ್. 1891ರಲ್ಲಿ ಶುರುವಾದ ಇದರೊಳಗೆ ನೂರಕ್ಕೂ ಹೆಚ್ಚು ಕೆರೆಗಳಿವೆ. ಸೈಕಲ್, ಕನೂ, ಕಯಾಕ್‌ನಂಥ ಹುಟ್ಟು ಹಾಕುವ ದೋಣಿ ಎಲ್ಲ ಒಳಗೇ ಬಾಡಿಗೆಗೆ ಸಿಗುತ್ತವೆ. ಕೆರೆಯ ಪೂರ್ವಕ್ಕಿರುವ ಸೈಕಲ್ ದಾರಿ ಮಕ್ಕಳಿಗೂ ಆದೀತು. ಪಶ್ಚಿಮದ ವಿಲ್ಡರ್‌ನೆಸ್ ಡ್ರೈವ್ ಸುಮಾರು ಹತ್ತು ಮೈಲಿ, ಏರಿಳಿತ ಜಾಸ್ತಿ. ಅಭ್ಯಾಸ ಇಲ್ಲದವರು ಸುಮ್ನೆ ಕಾರಲ್ಲೇ ಹೋಗಿ. ಕೆರೆಯ ಪೂರ್ವದ ಕಡೆ ಪ್ರೀಚರ್ಸ್ ಗ್ರೋವ್ ಅನ್ನುವ ಹಳೇ ಮರಗಳ ತೋಪಿದೆ, ಅಲ್ಲಿ ಮಾತ್ರ ಇಳಿಯಲೇಬೇಕು. ಅಲ್ಲಿನ ಕೆಂಪು ಪೈನ್ ಮರಗಳಿಗೆ ಇನ್ನೂರು ವರ್ಷ ದಾಟಿದೆ. ತೊಗಟೆ ಹಪ್ಪಳದ ಹಾಗೆ ಪದರ ಪದರವಾಗಿ ಏಳುತ್ತದೆ. ಏಟನ್ ಹೈಟ್ಸ್‌ನ ನೂರು ಅಡಿ ಗೋಪುರ ಹತ್ತಿದರೆ ಕಾಡು ಪೂರ್ತಿ ಕಾಣುತ್ತದೆ. ಸೆಪ್ಟೆಂಬರ್ ಕೊನೆಗಾದರೆ ಎಲೆಗಳ ಬಣ್ಣವೂ ಸಿಗುತ್ತದೆ, ಸೊಳ್ಳೆಯೂ ಕಡಿಮೆ.

ಟೆಂಟ್ ಜಾಗವನ್ನು 120 ದಿನ ಮೊದಲೇ ಬುಕ್ ಮಾಡಬಹುದು. ಬೇಸಿಗೆ ವೀಕೆಂಡ್ ಆದರೆ ತಡ ಮಾಡಬೇಡಿ. ಗಾಡಿಗೆ ಪರ್ಮಿಟ್ ಬೇಕು. ಸಸ್ಯಾಹಾರಿಗಳು ಚಪಾತಿ, ಪುಳಿಯೋಗರೆ ಕಟ್ಟಿಕೊಂಡು ಹೋಗುವುದೇ ಒಳ್ಳೆಯದು. ಏನಾದರೂ ಮರೆತರೆ ಪಾರ್ಕ್ ರ‍್ಯಾಪಿಡ್ಸ್ ಊರಲ್ಲೇ ಕೊಂಡುಬಿಡಿ. ಈಜುವ ಜಾಗದಲ್ಲಿ ಲೈಫ್‌ಗಾರ್ಡ್ ಇರುವುದಿಲ್ಲ, ಮಕ್ಕಳ ಮೇಲೆ ನಿಮ್ಮದೇ ಕಣ್ಣಿರಲಿ. ಮೇ, ಜೂನ್‌ನಲ್ಲಿ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣಿಗಳ (ಟಿಕ್) ಕಾಟ. ಕಾಡು ಸುತ್ತಿ ಬಂದ ಮೇಲೆ ಕಾಲು, ಕಿವಿ ಹಿಂದೆ, ಕೂದಲು ಎಲ್ಲ ಒಂದು ಸಲ ನೋಡಿಕೊಳ್ಳಿ.